ಈಗ ಇರೋ ಮೈಗೇ ಬಟ್ಟಿ ಹೊಲಿಸಬೇಕು ಅಂದ್ರ ಎಲ್ಲಿಂದ ಶುರು ಮಾಡಬೇಕು?

ಕೊಪ್ಪಳ_ಮೇಡಂ:

ಎಲ್ಲರಿಗೂ ನಮಸ್ಕಾರ. ಪಿಯು ಕಾಲೇಜಿನಾಗ ಕೆಲಸ. ವಾರಕ್ಕ ಆರು ದಿನ ನಿಂತು ಪಾಠ, ಬಸ್ಸಿನಾಗ ಓಡಾಟ. ವಯಸ್ಸು 38, ಎತ್ತರ 5 ಅಡಿ 1 ಇಂಚು. ಎದೆ 41, ಎದೆ ಕೆಳಗ 35, ಸೊಂಟ 37, ಹಿಪ್ 45, ತೋಳಿನ ಸುತ್ತಳತಿ 15. ಮೈಬಣ್ಣ ಕಪ್ಪು. ಥೈರಾಯ್ಡ್ ಗುಳಿಗಿ ನಡದಾವ, ತೂಕ ಒಂದು ಮಟ್ಟಕ್ಕ ನಿಂತೈತಿ.

ಅಲಮಾರಿ ತುಂಬ ಬಟ್ಟಿ ಅದಾವ, ಹಾಕೋದು ನಾಲ್ಕೇ. ಉಳಿದದ್ದೆಲ್ಲ ಒಂದೋ ಬಿಗಿ, ಇಲ್ಲಾ ಗೋಣಿಚೀಲದಂಗ ಸಡಿಲ. ಕ್ಲಾಸಿನಾಗ ದುಪಟ್ಟಾ ಎಳಕೊಳ್ಳೋದೇ ಒಂದು ಕೆಲಸ ಆಗೈತಿ. "ಮೊದಲು ಸಣ್ಣ ಆಗು, ಆಮ್ಯಾಲ ಬಟ್ಟಿ" ಅನ್ನೋದನ್ನ ಬಿಡಬೇಕು ಅಂತ ತೀರ್ಮಾನ ಮಾಡೀನಿ. ನನ್ನದು ಅನ್ನೋ ಒಂದು ಉಡುಗಿ ರೀತಿ ಬೇಕು, ಹಾಕ್ಕೊಂಡ ಮ್ಯಾಲ ಮೈ ನೆನಪಾಗಬಾರದು. ಬಜೆಟ್ ಸದ್ಯಕ್ಕ ಆರು ಸಾವಿರ. ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ, ನಿಮಗೂ ಗೊತ್ತು. "ಪಾಸಿಟಿವ್ ಆಗಿ ಯೋಚಿಸ್ರಿ" ಅನ್ನೋ ಸಲಹೆ ಬ್ಯಾಡ, ಇಂಚು-ಮೀಟರ್ ಲೆಕ್ಕದಾಗ ಹೇಳ್ರಿ.

ಹೊಲಿಗಿ_ಅಕ್ಕ_ರಾಯಚೂರು:

ಮೇಡಂರೀ, ಮೊದಲ ಕೆಲಸ: ಅಳತಿಗೆ ಹಳೇ ಜಂಪರ್ (ಬ್ಲೌಸ್) ಕೊಡೋದು ಬಿಡ್ರಿ. ಅಳತಿ ಬಟ್ಟಿ ಕೊಟ್ರ ಟೇಲರ್ ಅದರಾಗಿನ ತಪ್ಪನ್ನೂ ಸೇರಿಸೇ ಹೊಲಿತಾರ. ಒಂದು ಜಂಪರಿನ ತಪ್ಪು ಮುಂದಿನ ಹತ್ತಕ್ಕ ಹೋಗತೈತಿ. ಹತ್ತೂ ತೋಳಿನಾಗ ಹಿಡದ್ರ ಯಾರಿಗಾದ್ರೂ "ನನ್ನ ತೋಳೇ ಸರಿ ಇಲ್ಲ" ಅನಸತೈತಿ. ಹೊಸದಾಗಿ ಟೇಪಿನಿಂದ ಅಳತಿ ತಗೊಳ್ಳಾಕ ಹೇಳ್ರಿ.

ಟೇಪಿಗಿಂತ ಮೊದಲು ಒಳಗಿನ ಬ್ರಾ ಸರಿ ಇರಬೇಕು. ನಿಮ್ಮ ಲೆಕ್ಕ ನೋಡ್ರಿ: ಎದೆ ಕೆಳಗ 35, ಅಂದ್ರ ಬ್ಯಾಂಡ್ (ಎದೆ ಕೆಳಗಿನ ಪಟ್ಟಿ) 36. 41ರಾಗ 36 ಕಳದ್ರ 5. ಒಂದು ಇಂಚಿಗೆ ಎ ಕಪ್, ಎರಡಕ್ಕ ಬಿ, ಮೂರಕ್ಕ ಸಿ, ನಾಲ್ಕಕ್ಕ ಡಿ, ಐದಕ್ಕ ಡಬಲ್ ಡಿ. ನಿಮ್ಮದು 36 ಡಬಲ್ ಡಿ. ನಮ್ಮ ಕಡೆ ಅಂಗಡಿಯಾಗ ಇದು ಸಿಗೋದು ಕಷ್ಟ, 40 ಬಿ ಕೊಟ್ಟು ಕಳಸ್ತಾರ. ಆಗ ಬ್ಯಾಂಡ್ ಬೆನ್ನಿನಾಗ ಮ್ಯಾಲ ಹತ್ತತೈತಿ, ಎದಿ ಕೆಳಗ ಇಳಿತೈತಿ, ಪಟ್ಟಿ ಹೆಗಲಿನಾಗ ಕೊರಿತೈತಿ. 36 ಸಿಗಲಿಲ್ಲ ಅಂದ್ರ 38 ಡಿ ಕೇಳ್ರಿ. ಬ್ಯಾಂಡ್ ಒಂದು ಮೆಟ್ಟಿಲು ಏರಿದ್ರ ಕಪ್ ಒಂದು ಮೆಟ್ಟಿಲು ಇಳೀಬೇಕು. ಹೊಸಾದು ಯಾವಾಗಲೂ ಕಡೇ ಹುಕ್ಕಿಗೆ ಸರಿ ಆಗಬೇಕು, ಹಿಗ್ಗಿದಂಗ ಒಳಗಿನ ಹುಕ್ಕಿಗೆ ಹೋಗಬಹುದು. ಎಲ್ಲಾ ಅಳತಿಯನ್ನೂ ಇದನ್ನ ಹಾಕ್ಕೊಂಡ ಮ್ಯಾಲೇ ತಗೋಬೇಕು.

ನೀವು ಕೊಟ್ಟ ಅಳತಿ ಸಾಲೋದಿಲ್ರಿ. ಇನ್ನೂ ನಾಲ್ಕು ಬೇಕು. ಕಂಕುಳ ಕೆಳಗ, ಎದಿಯ ಮ್ಯಾಲ ಟೇಪು ಸುತ್ತಿ ಬರೋ ಮೇಲೆದೆ ಅಳತಿ. ಭುಜದ ಎಲುಬಿನಿಂದ ಎಲುಬಿಗೆ ಬೆನ್ನಿನ ಕಡೆಯಿಂದ ಅಗಲ. ಹೆಗಲಿನಿಂದ ಎದಿ ತುದಿ ದಾಟಿ ಸೊಂಟದ ತನಕ ಮುಂದಿನ ಉದ್ದ. ಹಂಗೇ ಹಿಂದಿನ ಉದ್ದ. ಮುಂದಿನ ಉದ್ದ ಹಿಂದಿನದಕ್ಕಿಂತ ಹೆಚ್ಚಿರತೈತಿ, ಟೇಲರ್ ಎರಡೂ ಒಂದೇ ಅಂತ ಕತ್ತರಿಸಿದ್ರ ಕುರ್ತಾದ ಮುಂದಿನ ಅಂಚು ಮ್ಯಾಲೇಳತೈತಿ, ಪಕ್ಕದ ಸೀಳು ಮುಂದಕ್ಕ ತಿರಗತೈತಿ. ಅದನ್ನ ನೋಡಿ ಹೊಟ್ಟಿ ಮುಂದ ಬಂದೈತಿ ಅಂತ ತಿಳಕೊಳ್ಳೋರೇ ಹೆಚ್ಚು. ಅದು ಟಕ್ಸ್ (ಎದಿ ಉಬ್ಬಿಗೆ ತಕ್ಕಂಗ ಬಟ್ಟಿ ಮಡಚಿ ಹಾಕೋ ಹೊಲಿಗಿ) ಹಾಕದ ತಪ್ಪು. ಮೇಲೆದೆಗೂ ಪೂರ್ತಿ ಎದಿಗೂ 3 ಇಂಚಿಗಿಂತ ಹೆಚ್ಚು ಫರಕ್ ಇದ್ರ ಟಕ್ಸ್ ಇಲ್ಲದ ಕುರ್ತಾ ಹೊಲಿಸಲೇಬ್ಯಾಡ್ರಿ. ಪಕ್ಕದಾಗ ಒಂದು ಟಕ್ಸ್, ಇಲ್ಲಾ ಎದಿ ಮ್ಯಾಲಿಂದ ಕೆಳಗಿನ ತನಕ ಉದ್ದ ಹೊಲಿಗಿ ಬರೋ ಪ್ರಿನ್ಸೆಸ್ ಕಟ್.

ರೆಡಿಮೇಡ್ ಯಾಕ ಕೂಡೋದಿಲ್ಲ ಅಂದ್ರ, ಅವರು ಎದಿ ದೊಡ್ಡದು ಮಾಡಿದಂಗ ಭುಜಾನೂ ಅಗಲ ಮಾಡತಾರ. ಮನುಷ್ಯರ ಎಲುಬು ಹಂಗ ಬೆಳೆಯೋದಿಲ್ಲ. ಡಬಲ್ ಎಕ್ಸೆಲ್ ತಗೊಂಡ್ರ ಎದಿಗೆ ಸರಿ, ಭುಜ ಜಾರತೈತಿ, ಕುತ್ತಿಗಿ ಅಗಲ, ಗೋಣಿಚೀಲ ಅಂತ ನೀವು ಅಂದದ್ದು ಇದನ್ನೇ. ಚೀಟಿ ಮ್ಯಾಲಿನ ನಂಬರ್ ಕೆಲವು ಕಂಪನಿಗಳಿಗೆ ಮೈ ಅಳತಿ, ಕೆಲವರಿಗೆ ಬಟ್ಟಿ ಅಳತಿ. ಆ ಚೀಟಿ ಕತ್ತರಿಸಿ ಒಗೀರಿ, ಬಟ್ಟಿ ಹಾಸಿ ಟೇಪು ಹಿಡೀರಿ.

ನಿಮ್ಮ ಮೈಗೆ ಕುರ್ತಾ ಹೊಲದ ಮ್ಯಾಲೆ ಬಟ್ಟಿ ಅಳತಿ ಇಷ್ಟಿರಬೇಕು: ಎದಿ 44ರಿಂದ 45, ಹಿಪ್ 49, ತೋಳು 17. ಅಂದ್ರ ಎದಿಗೆ ಮೂರರಿಂದ ನಾಲ್ಕು ಇಂಚು, ಹಿಪ್ಪಿಗೆ ನಾಲ್ಕು, ತೋಳಿಗೆ ಎರಡು ಸಡಿಲ. ಜಂಪರಿಗೆ ಇಷ್ಟು ಬ್ಯಾಡ, ಎದಿಗೆ ಒಂದರಿಂದ ಒಂದೂವರಿ ಸಾಕು. ಪಕ್ಕದ ಸೀಳು ಹಿಪ್ಪಿನ ಅತಿ ಅಗಲ ಇರೋ ಜಾಗದಿಂದ ಒಂದೂವರಿ ಇಂಚು ಕೆಳಗ ಶುರು ಆಗಲಿ. ಅಗಲ ಜಾಗದಾಗೇ ಸೀಳು ಬಿಟ್ರ ಕುಂತಾಗ ಎಳದು ಬಾಯಿ ಬಿಡತೈತಿ, ಹೊಲಿಗಿ ಮೂಲಿ ಹರಿತೈತಿ.

ತೋಳಿನ ಮಾತು. ಬೋರ್ಡ್ ಮ್ಯಾಲ ಬರಿಯೋರಿಗೆ ಇದು ಮುಖ್ಯ. ಕೈ ಎತ್ತಿದಾಗ ಇಡೀ ಕುರ್ತಾ ಮ್ಯಾಲೇಳತೈತಿ ಅಂದ್ರ ಕಂಕುಳ ಕೆಳಗಿಳಿದೈತಿ ಅಂತ ಅರ್ಥ. "ಲೂಸ್ ಮಾಡ್ರಿ" ಅಂತ ಹೇಳಿದ್ರ ಟೇಲರ್ ಕಂಕುಳನ್ನ ಇನ್ನೂ ಕೆಳಗ ಕತ್ತರಿಸ್ತಾರ, ಇನ್ನೂ ಹೆಚ್ಚು ಎಳಿತೈತಿ. ಕೇಳಬೇಕಾದದ್ದು: ಕಂಕುಳ ಮ್ಯಾಲ ಇರಲಿ, ತೋಳಿನ ಅಗಲ ಹೆಚ್ಚಲಿ. ಈಗಾಗಲೇ ಹೊಲದಿದ್ರ ಕಂಕುಳಾಗ 3 ಇಂಚಿನ ಚೌಕದ ತುಂಡು ಮೂಲಿ ಕೆಳಗ ಮಾಡಿ ಕೂಡಿಸಬಹುದು, ಹಳೇ ಕಾಲದ ನೇರ ಅಂಗಿಗಳಾಗ ಇದ್ದೇ ಇರತಿತ್ತು.

ಬಟ್ಟಿ ಎಷ್ಟು ತರಬೇಕು? ಅಂಗಡಿಯವರು ಎರಡೂವರಿ ಮೀಟರ್ ಸಾಕು ಅಂತಾರ. ನಿಮಗ ಸಾಲೋದಿಲ್ಲ. 44 ಇಂಚು ಪನ್ನಾದ (ಅಗಲದ) ಬಟ್ಟಿಯಾಗ ನಿಮ್ಮ ಮುಂದಿನ ಭಾಗಕ್ಕೇ ಹೊಲಿಗಿ ಮಾರ್ಜಿನ್ ಸೇರಿ 27-28 ಇಂಚು ಅಗಲ ಹೋಗತೈತಿ. ಪಕ್ಕದಾಗ ಉಳಿಯೋ 16 ಇಂಚಿನಾಗ ತೋಳು ಕೂಡೋದಿಲ್ಲ, ತೋಳಿಗೇ 19 ಬೇಕು. ಹಿಂಗಾಗಿ 40 ಇಂಚು ಉದ್ದದ ಕುರ್ತಾಕ್ಕ ಮುಂದ-ಹಿಂದ 86 ಇಂಚು, ತೋಳಿಗೆ ಬ್ಯಾರೆ 19 ಇಂಚು. ಕಾಟನ್ ನೀರಿಗೆ ಹಾಕಿದ್ರ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗತೈತಿ. ಮೂರು ಮೀಟರ್ ತರ್ರಿ. ಕಡಿಮಿ ಬಟ್ಟಿ ಕೊಟ್ರ ಟೇಲರ್ ಮಾರ್ಜಿನ್ ತಿಂದು, ತೋಳು ಸಣ್ಣ ಮಾಡಿ ಹೊಂದಿಸ್ತಾರ. ಬಿಗಿ ಆಗೋದು ಅಲ್ಲೇ. ರಾತ್ರಿ ನೀರಿನಾಗ ನೆನಸಿ, ನೆಳ್ಳಾಗ ಒಣಗಿಸಿ, ಇಸ್ತ್ರಿ ಮಾಡಿ ಆಮ್ಯಾಲ ಕೊಡ್ರಿ.

ಪಕ್ಕದ ಹೊಲಿಗಿಯಾಗ ಒಂದೂವರಿ ಇಂಚು ಮಾರ್ಜಿನ್ ಬಿಡಾಕ ಹೇಳ್ರಿ. ಮೈ ಏರತೈತಿ, ಇಳಿತೈತಿ. ಅದಕ್ಕಂತ ಬಟ್ಟಿ ಬದಲಿ ಮಾಡಬೇಕಾಗಿಲ್ಲ, ಹೊಲಿಗಿ ಬಿಚ್ಚಿದ್ರ ಸಾಕು.

ಟ್ರಯಲಿಗೆ ಹೋದಾಗ ಕನ್ನಡಿಯಾಗ ಮೈ ನೋಡಬ್ಯಾಡ್ರಿ, ಸುಕ್ಕು ನೋಡ್ರಿ. ಅಡ್ಡ ಸುಕ್ಕು ಅಂದ್ರ ಅಲ್ಲಿ ಬಿಗಿ. ಉದ್ದ ಮಡಿಕಿ ಅಂದ್ರ ಅಲ್ಲಿ ಸಡಿಲ. ಕಂಕುಳಿಂದ ಎದಿ ಕಡೆ ಓರೆ ಸುಕ್ಕು ಹೋದ್ರ ಟಕ್ಸ್ ಬೇಕು. ಆಮ್ಯಾಲ ಚಕ್ಕಳಮಕ್ಕಳ ಹಾಕಿ ನೆಲಕ್ಕ ಕುಂದರ್ರಿ, ಕೈ ಮ್ಯಾಲೆತ್ರಿ, ಬಸ್ಸಿನ ಮೆಟ್ಟಿಲು ಹತ್ತೋವಷ್ಟು ಕಾಲು ಎತ್ರಿ. ಮೂರರಾಗ ಒಂದಕ್ಕ ಎಳದ್ರೂ ಅಲ್ಲೇ ಬಿಚ್ಚಿ ಹೇಳ್ರಿ, ಮನಿಗೆ ತಂದು ನುಂಗಿಕೊಂಡು ಹಾಕ್ಕೋಬ್ಯಾಡ್ರಿ.

ದಡಿ_ಸೆರಗು:

ಅಕ್ಕ ಹೊಲಿಗೆಯ ಮಾತು ಪೂರ್ತಿ ಹೇಳಿದ್ದಾರೆ. ನಾನು ಬಣ್ಣ ಮತ್ತು ಬಟ್ಟೆಯ ಬಗ್ಗೆ.

"ಕಪ್ಪಗಿರೋರಿಗೆ ತಿಳಿ ಬಣ್ಣವೇ ಚೆಂದ" ಅನ್ನೋದು ಅಂಗಡಿಯ ಕೌಂಟರಿನ ಮಾತು, ನಂಬಬೇಡಿ. ತಿಳಿ ಬೀಜ್, ಪೇಲವ ಗುಲಾಬಿ, ಮಬ್ಬು ಬೂದಿ ಬಹಳ ಜನ ಕಪ್ಪು ಮೈಬಣ್ಣದವರ ಮುಖವನ್ನು ಸಪ್ಪೆ ಮಾಡುತ್ತವೆ. ಈ ಸೀಮೆಯ ಬಣ್ಣಗಳೇ ಗಟ್ಟಿ ಬಣ್ಣಗಳು: ಇಳಕಲ್ ಸೀರೆಯ ದಾಳಿಂಬೆ ಕೆಂಪು, ನವಿಲು ಹಸಿರು, ಚಂದ್ರಕಾಳಿಯ ಕಪ್ಪು. ಬಿಸಿಲಲ್ಲಿ ದುಡಿಯುವ ಹೆಂಗಸರ ಮೈಮೇಲೆ ತಲೆಮಾರುಗಟ್ಟಲೆ ಇದ್ದ ಬಣ್ಣ ಇವು. ಯಾರಿಗೂ "ಒಪ್ಪೋದಿಲ್ಲ" ಅಂತ ಆಗ ಯಾರೂ ಹೇಳಲಿಲ್ಲ.

ಪರೀಕ್ಷೆ ಹೀಗೆ ಮಾಡಿ. ಟ್ಯೂಬ್‌ಲೈಟ್ ಕೆಳಗೆ ಬೇಡ, ಬೆಳಗ್ಗೆ ಬಾಗಿಲ ಬಳಿ ನೇರ ಬಿಸಿಲು ಬೀಳದ ಬೆಳಕಲ್ಲಿ ನಿಲ್ಲಿ. ಮನೆಯಲ್ಲಿರೋ ದುಪಟ್ಟಾ, ಬ್ಲೌಸ್ ಪೀಸ್, ಬೆಡ್‌ಶೀಟ್ ಯಾವುದಾದರೂ ಸರಿ, ಒಂದೊಂದೇ ಗದ್ದದ ಕೆಳಗೆ ಹಿಡಿಯಿರಿ. ಮೊದಲು ಕಣ್ಣು ಕಾಣಿಸಿದರೆ ಆ ಬಣ್ಣ ಇರಲಿ. ಮೊದಲು ಬಟ್ಟೆ ಕಾಣಿಸಿದರೆ ಪಕ್ಕಕ್ಕಿಡಿ. ಹತ್ತು ಬಟ್ಟೆಯಲ್ಲಿ ಮೂರು-ನಾಲ್ಕು ಬಣ್ಣ ಎದ್ದು ಬರುತ್ತವೆ. ನಿಮ್ಮ ಅಲಮಾರಿ ಆ ನಾಲ್ಕು ಬಣ್ಣದ ಸುತ್ತಲೇ ಬೆಳೆಯಲಿ. ಆಗ ಯಾವ ಕುರ್ತಾಕ್ಕೂ ಯಾವ ಪ್ಯಾಂಟೂ ಕೂಡುತ್ತದೆ, ಬೆಳಗ್ಗೆ ತಲೆಬಿಸಿ ಇರುವುದಿಲ್ಲ.

ಬಟ್ಟೆ ಕೊಳ್ಳುವಾಗ "ಕಾಟನ್" ಅನ್ನೋ ಮಾತನ್ನು ಪರೀಕ್ಷೆ ಮಾಡಿ. ಅಂಚಿನಿಂದ ಎರಡು ಎಳೆ ಎಳೆದು ಕಡ್ಡಿ ಗೀರಿ ಸುಡಿ. ಹತ್ತಿಯ ಎಳೆ ಕಾಗದದ ಹಾಗೆ ಸುಟ್ಟು ಪುಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಕ್ಸ್ ಆದರೆ ಎರಡೂ ಒಟ್ಟಿಗೆ. ರೇಯಾನ್ ಕೂಡ ಕಾಗದದ ಹಾಗೇ ಸುಡುತ್ತದೆ, ಹಾಗಾಗಿ ಅದನ್ನು ಕೈಯಿಂದ ಗುರುತಿಸಬೇಕು: ಜಾರುತ್ತದೆ, ಭಾರವಾಗಿ ಕೆಳಗಿಳಿಯುತ್ತದೆ. ಮಳೆಗಾಲ, ಚಳಿಗಾಲಕ್ಕೆ ರೇಯಾನ್ ಒಳ್ಳೆಯದೇ. ಏಪ್ರಿಲ್‌ನಲ್ಲಿ ಬೆವರಿದರೆ ಮೈಗೆ ಅಂಟುತ್ತದೆ, ಹಸಿಯಾದಾಗ ಶಕ್ತಿ ಕಳೆದುಕೊಂಡು ಹೊಲಿಗೆಯ ಹತ್ತಿರ ಹರಿಯುತ್ತದೆ. ಬೇಸಿಗೆಗೆ ಹತ್ತಿಯವೇ ಆದ ಕೇಂಬ್ರಿಕ್ ಅಥವಾ ಮಲ್. ಮಲ್ ತೆಳು, ಅಸ್ತರ ಬೇಕು. ಆ ಅಸ್ತರವೂ ಹತ್ತಿಯದೇ ಇರಬೇಕು. ರೆಡಿಮೇಡ್‌ನಲ್ಲಿ ಹೊರಗೆ ಮಲ್, ಒಳಗೆ ಪಾಲಿಯೆಸ್ಟರ್ ಅಸ್ತರ ಹಾಕಿ ಕೊಡುತ್ತಾರೆ. ಅಷ್ಟು ದುಡ್ಡು ಕೊಟ್ಟು ಪ್ಲಾಸ್ಟಿಕ್ ಚೀಲ ಹೊದ್ದ ಹಾಗೆ.

ಸೀರೆ ಉಡುವ ದಿನಗಳಿಗೆ ಹತ್ತಿ ಒಡಲಿನ ಇಳಕಲ್ ತಗೊಳ್ಳಿ. ನಿಮ್ಮ ಎತ್ತರಕ್ಕೆ ದಡಿ ಎರಡೂವರೆ-ಮೂರು ಇಂಚು ಸಾಕು. ಆರು ಇಂಚಿನ ದಡಿ ಅರ್ಧ ಕಾಲನ್ನೇ ನುಂಗುತ್ತದೆ. ಗಂಜಿ ಅರ್ಧ ಹಾಕಿ. ಪೂರ್ತಿ ಗಂಜಿಯ ಸೀರೆ ಮೈಯಿಂದ ದೂರ ನಿಂತು ಗುಂಡಗೆ ಕಾಣಿಸುತ್ತದೆ, ಗಂಜಿಯೇ ಇಲ್ಲದ್ದು ಮಧ್ಯಾಹ್ನಕ್ಕೆ ನೆರಿಗೆ ಬಿಡುತ್ತದೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಿದ ಗೆರೆ ಇರುತ್ತದಲ್ಲ, ಅದರ ಮೇಲೆ ಪಿನ್ ಚುಚ್ಚಬೇಡಿ. ಒಂದು ಬೆರಳು ಈಚೆಗೆ ಚುಚ್ಚಿ.

ಜಂಪರಿಗೆ ಗುಳೇದಗುಡ್ಡದ ಖಣ ಇಷ್ಟವಾದರೆ ನೆನಪಿಡಿ, ಖಣದ ಪನ್ನಾ ಕಡಿಮೆ. 41 ಎದೆಗೆ ಒಂದು ಖಣದಲ್ಲಿ ಮೊಣಕೈ ತನಕದ ತೋಳು ಬರುವುದಿಲ್ಲ. ಒಂದೇ ಬಣ್ಣದ ಎರಡು ಖಣ ತಗೊಂಡು ದಡಿಯನ್ನು ತೋಳಿನ ಅಂಚಿಗೆ ಬರುವಂತೆ ಕತ್ತರಿಸಲು ಹೇಳಿ.

ಕಸೂತಿಯನ್ನೋ ಸಂಡೂರಿನ ಲಂಬಾಣಿ ಕೈಕೆಲಸವನ್ನೋ ಸೇರಿಸಬೇಕು ಅನಿಸಿದರೆ ನೀವು ಇಷ್ಟಪಡುವ ಜಾಗದಲ್ಲಿ ಹಾಕಿಸಿ, ಕಣ್ಣು ಅಲ್ಲಿಗೇ ಹೋಗುತ್ತದೆ. ಕುತ್ತಿಗೆಪಟ್ಟಿ, ಮುಂಗೈ ಅಂಚು. ಲಂಬಾಣಿ ಕೆಲಸದಲ್ಲಿ ಕನ್ನಡಿ, ಕವಡೆ ಇದ್ದರೆ ಭಾರ, ಒಗೆಯುವುದೂ ಕಷ್ಟ. ದಿನದ ಕುರ್ತಾಕ್ಕೆ ಅಂಗೈಯಷ್ಟು ತುಂಡು ಸಾಕು, ಅದನ್ನು ಬಿಚ್ಚಿ ಬೇರೆ ಕುರ್ತಾಕ್ಕೆ ಹಾಕುವಂತೆ ಕೈಹೊಲಿಗೆಯಲ್ಲಿ ಕೂಡಿಸಿ.

ಜೀನ್ಸ್_ಕಟಿಂಗ್_ಬಳ್ಳಾರಿ:

ಮೇಡಂ ಜೀನ್ಸ್ ಕೇಳಿಲ್ಲ, ಆದ್ರೂ ಜೀನ್ಸ್ ಹೊಲಿಯೋ ಊರಾದ ಬಳ್ಳಾರಿಯವರು ಬಾಯಿ ಮುಚ್ಕೊಂಡು ಕೂರೋದು ಹೆಂಗೆ.

ನಿಮ್ಮ ಸೊಂಟಕ್ಕೂ ಹಿಪ್ಪಿಗೂ 8 ಇಂಚು ಫರಕ್ ಐತೆ. ಗಂಡಸರ ಪ್ಯಾಟರ್ನ್‌ನಲ್ಲಿ ಕಟ್ ಆದ ಪ್ಯಾಂಟಿಗೆ ಅಷ್ಟು ಫರಕ್ ಇರಲ್ಲ. ಹಿಪ್ಪಿಗೆ ಕೂತ್ರೆ ಬೆನ್ನ ಹಿಂದೆ ಕೈ ಹೋಗುವಷ್ಟು ಸಂದು. ಅದಕ್ಕೆ ಹಿಪ್ಪಿಗೆ ಸರಿ ಹೋಗೋದನ್ನ ಕೊಂಡು ಸೊಂಟ ಆಲ್ಟರ್ ಮಾಡ್ಸಿ, ಸೊಂಟಕ್ಕೆ ಸರಿ ಇರೋದನ್ನ ಕೊಂಡು ಹಿಪ್ಪನ್ನ ತುರುಕಬೇಡಿ. ಹಿಂದಿನ ನಡು ಹೊಲಿಗೆಯಲ್ಲಿ ಒಂದೂವರೆ ಇಂಚಿನ ತನಕ ತೆಗೀಬಹುದು. ಅದಕ್ಕಿಂತ ಹೆಚ್ಚು ತೆಗೆದ್ರೆ ಹಿಂದಿನ ಜೇಬು ಎರಡೂ ಒಂದಕ್ಕೊಂದು ಅಂಟ್ಕೊಳ್ತವೆ, ಆಗ ಪಕ್ಕದಲ್ಲೂ ತೆಗೀಬೇಕು. ಮುಂದಿನ ರೈಸ್ (ಕಾಲು ಕೂಡೋ ಹೊಲಿಗೆಯಿಂದ ಸೊಂಟಪಟ್ಟಿ ತನಕದ ಉದ್ದ) 10 ಇಂಚಿಗಿಂತ ಕಡಿಮೆ ಬೇಡ, ಕೂತಾಗ ಪಟ್ಟಿ ಹೊಟ್ಟೆ ನಡುವೆ ಕೊಯ್ಯುತ್ತೆ.

ಒಂದೇ ಸೈಜಿನ ಎರಡು ಪ್ಯಾಂಟ್ ಯಾಕೆ ಬೇರೆಬೇರೆ ಕೂರ್ತವೆ ಅಂದ್ರೆ, ಜೀನ್ಸ್ ಹೊಲಿದ ಮೇಲೆ ವಾಷಿಂಗಿಗೆ ಹೋಗುತ್ತೆ. ಬ್ಯಾಚ್‌ನಿಂದ ಬ್ಯಾಚಿಗೆ ಸೊಂಟದಲ್ಲಿ ಅರ್ಧ ಇಂಚಿನಿಂದ ಒಂದು ಇಂಚು ವ್ಯತ್ಯಾಸ ಬಂದೇ ಬರುತ್ತೆ. "ಹೋದ ತಿಂಗಳು 36 ಆಗ್ತಿತ್ತು, ಈಗ ಆಗ್ತಿಲ್ಲ" ಅಂದ್ರೆ ಮೈಯನ್ನ ಬೈಯೋಕೆ ಮುಂಚೆ ಪಟ್ಟಿ ಹಾಸಿ ಅಳೀರಿ. ನಮ್ಮ ಬಿಸಿಲಿಗೆ 12 ಔನ್ಸಿನ ದಪ್ಪ ಡೆನಿಮ್ ಬೇಡ, 8-9 ಔನ್ಸಿನ ಹಗುರದ್ದು ಕೇಳಿ. ಹಿಗ್ಗೋ ಎಳೆ, ಅಂದ್ರೆ ಲೈಕ್ರಾ, ಒಂದರಿಂದ ಎರಡು ಪರ್ಸೆಂಟ್ ಸಾಕು. ಬಿಸಿನೀರು, ಮಾಳಿಗೆ ಮೇಲಿನ ಉರಿ ಬಿಸಿಲು ಲೈಕ್ರಾವನ್ನ ಕೊಲ್ಲುತ್ತೆ, ಮಂಡಿ ಜೋಲು ಬೀಳುತ್ತೆ. ಒಳಮೈ ಹೊರಗೆ ಮಾಡಿ ನೆರಳಲ್ಲಿ ಹಾಕಿ.

ಇನ್ನೊಂದು, ಒಗೆಯೋದು. ಸಂಡೂರು, ತೋರಣಗಲ್ಲು ಕಡೆ ಓಡಾಡೋರು ತಿಳಿ ಬಟ್ಟೆ ಮೇಲೆ ಅದಿರಿನ ಕೆಂಪು ಕಲೆ ಬಿದ್ರೆ ಬ್ಲೀಚ್ ಹಾಕ್ಲೇಬೇಡಿ. ಕಬ್ಬಿಣದ ಕಲೆ ಬ್ಲೀಚಿಗೆ ಇನ್ನೂ ಗಟ್ಟಿ ಕೂರುತ್ತೆ. ಒಣ ಧೂಳನ್ನ ಮೊದಲು ಕೊಡವಿ, ನಿಂಬೆರಸ-ಉಪ್ಪು ಹಚ್ಚಿ ಒಂದು ಗಂಟೆ ಬಿಟ್ಟು ತೊಳೀರಿ. ಗಾಢ ಬಣ್ಣದ ಬಟ್ಟೆ ಆದ್ರೆ ಒಳಗಿನ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ, ನಿಂಬೆ ಬಣ್ಣ ಎತ್ತಬಹುದು. ಬೋರ್ ನೀರಲ್ಲಿ ಬಾರ್ ಸೋಪು ನೊರೆ ಕೊಡದೆ ಬಿಳಿ ಪೊರೆಯಾಗಿ ಬಟ್ಟೆಗೆ ಹಿಡ್ಕೊಳ್ಳುತ್ತೆ, ಹತ್ತಿ ಬಟ್ಟೆ ಹಪ್ಪಳ ಆಗುತ್ತೆ, ಕಂಕುಳಲ್ಲಿ ಉಜ್ಜುತ್ತೆ. ಪುಡಿ ಅಥವಾ ಲಿಕ್ವಿಡ್ ಬಳಸಿ, ಎರಡು ಸಲ ಜಾಲಿಸಿ.

ಕೊಪ್ಪಳ_ಮೇಡಂ:

ಎಲ್ಲರಿಗೂ ಶರಣು. ಎದಿ-ಟಕ್ಸ್ ಲೆಕ್ಕ ನೋಡಿ ನನ್ನ ಕುರ್ತಾ ಎಲ್ಲಾ ತಗದು ಹಾಸೀನಿ. ಮುಂದಿನ ಅಂಚು ಏರಿದ್ದು ಎಲ್ಲದರಾಗೂ ಕಾಣಸ್ತೈತಿ!

ಇನ್ನೆರಡು ಪ್ರಶ್ನೆ. ಒಂದು, ಮುಂದಿನ ತಿಂಗಳು ಮದುವಿ ಐತಿ, "ಶೇಪ್‌ವೇರ್ ಹಾಕ್ಕೋ" ಅಂತ ಎಲ್ಲರೂ ಹೇಳತಾರ, ಮೈ ಬಿಗಿ ಹಿಡಿಯೋ ಆ ಒಳಉಡುಪು ಹಾಕ್ಕೋಬೇಕೇನು? ಎರಡು, ಬಟ್ಟಿ ಸರಿ ಆದ್ರೂ "ಎಷ್ಟ್ ದಪ್ಪ ಆಗೀಯವಾ" ಅನ್ನೋರು ಇದ್ದೇ ಇರತಾರ. ದುಪಟ್ಟಾ ಬಿಟ್ಟು ಹೋಗಾಕ ಧೈರ್ಯ ಸಾಲವಲ್ದು.

ಮನಸಿನ_ಮಾತು (ಆಪ್ತಸಮಾಲೋಚನೆ, ಬಳ್ಳಾರಿ):

ಮೇಡಂ, ಧೈರ್ಯ ಮೊದಲು ಬಂದು ಆಮೇಲೆ ಬಟ್ಟೆ ಹಾಕುವುದಲ್ಲ. ಕ್ರಮ ತಿರುಗುಮುರುಗು.

ಎರಡು ವಾರ ಒಂದು ಪಟ್ಟಿ ಇಡಿ. ದಿನ, ಹಾಕಿದ ಬಟ್ಟೆ, ಆ ದಿನ ಎಷ್ಟು ಸಲ ಎಳೆದುಕೊಂಡಿರಿ. ದುಪಟ್ಟಾ ಸರಿಮಾಡಿದ್ದು, ಕುರ್ತಾ ಹಿಂದೆ ಜಗ್ಗಿದ್ದು, ಹೊಟ್ಟೆ ಒಳಗೆ ಎಳೆದುಕೊಂಡು ನಿಂತದ್ದು ಎಲ್ಲ ಸೇರಿ ಅಂದಾಜು ಸಾಕು. "ಚೆಂದ ಕಂಡೆನೇ?" ಅನ್ನುವ ಕಾಲಂ ಬೇಡ. ಎಳೆತ ಅತಿ ಕಡಿಮೆ ಇದ್ದ ಎರಡು-ಮೂರು ಬಟ್ಟೆ ಪಕ್ಕಕ್ಕಿಟ್ಟು ನೋಡಿ, ಅವುಗಳಲ್ಲಿ ಏನು ಸಮಾನ? ಕುತ್ತಿಗೆಯ ಆಳವೋ, ತೋಳಿನ ಉದ್ದವೋ, ಬಟ್ಟೆಯ ಭಾರವೋ. ಫ್ಯಾಷನ್ ಪುಟಗಳಲ್ಲಿ ಹುಡುಕುವ "ನನ್ನ ಶೈಲಿ" ಅಲ್ಲೇ ಇರುತ್ತದೆ. ಹೊಲಿಗೆ ಅಕ್ಕನಿಗೆ ಕೊಡಬೇಕಾದ ಸೂಚನೆಯೂ ಅದೇ.

ಎಳೆತ ಎಣಿಸಲು ಹೇಳುವುದಕ್ಕೆ ಕಾರಣವಿದೆ. 1998ರಲ್ಲಿ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಜೊತೆಗಾರರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಬ್ಬೊಬ್ಬರನ್ನೇ ಕನ್ನಡಿ ಇರುವ ಕೋಣೆಗೆ ಬಿಟ್ಟು, ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ಕೊಟ್ಟು, ಅದನ್ನು ಹಾಕಿಕೊಂಡೇ ಗಣಿತದ ಲೆಕ್ಕ ಬಿಡಿಸಲು ಹೇಳಿದರು. ಈಜುಡುಗೆ ಹಾಕಿದ ಹುಡುಗಿಯರು ಲೆಕ್ಕದಲ್ಲಿ ಹಿಂದೆ ಬಿದ್ದರು, ಹುಡುಗರಲ್ಲಿ ಹಾಗೆ ಆಗಲಿಲ್ಲ. ಯಾರೂ ನೋಡದಿದ್ದರೂ ಮನಸ್ಸಿನ ಒಂದು ಪಾಲು ಮೈ ಕಾಯುತ್ತ ಕೂತಿತ್ತು. ಪಾಠ ಮಾಡುವವರಿಗೆ ಆ ಪಾಲು ಬೇಕು. ಅದೇ ಉಸಿರಲ್ಲಿ ಇನ್ನೊಂದು: "ಕೋಟ್ ಹಾಕಿದರೆ ಆತ್ಮವಿಶ್ವಾಸ ತಾನೇ ಬರುತ್ತದೆ" ಅಂತ ಹೇಳುವವರು ಡಾಕ್ಟರ್ ಕೋಟ್ ಹಾಕಿದವರ ಗಮನ ಹೆಚ್ಚಿತು ಅಂದ 2012ರ ಪ್ರಯೋಗವನ್ನು ಎತ್ತುತ್ತಾರೆ. ಅದನ್ನು ಬೇರೆಯವರು ಹೆಚ್ಚು ಜನರ ಮೇಲೆ ಮತ್ತೆ ಮಾಡಿದಾಗ ಅದೇ ಫಲ ಬರಲಿಲ್ಲ. ಬಟ್ಟೆ ಧೈರ್ಯ ತುಂಬುತ್ತದೆ ಅಂತ ನಾನು ಹೇಳಲಾರೆ. ಬಟ್ಟೆ ಅಡ್ಡ ಬರದಂತೆ ಮಾಡಬಹುದು.

ದುಪಟ್ಟಾ ಒಂದೇ ದಿನಕ್ಕೆ ಬಿಡಬೇಡಿ. ಹೋಗುವ ಜಾಗಗಳನ್ನು ಸುಲಭದಿಂದ ಕಷ್ಟಕ್ಕೆ ಬರೆಯಿರಿ: ಮನೆ ಮುಂದಿನ ಅಂಗಡಿ, ಕಾಯಿಪಲ್ಯದ ಸಂತೆ, ಬಸ್ಸು, ಸ್ಟಾಫ್ ರೂಮು, ಕ್ಲಾಸು, ಮದುವೆ. ಮೊದಲು ದುಪಟ್ಟಾವನ್ನು ಹತ್ತು ಇಂಚು ಅಗಲಕ್ಕೆ ಮಡಚಿ ಒಂದೇ ಹೆಗಲಿಗೆ ಪಿನ್ ಮಾಡಿ ಎಲ್ಲ ಕಡೆ ಹೋಗಿ. ಆಮೇಲೆ ಮೊದಲ ಜಾಗಕ್ಕೆ ಅದಿಲ್ಲದೆ. ಅಲ್ಲಿ ಎಳೆತದ ಎಣಿಕೆ ಅರ್ಧಕ್ಕೆ ಇಳಿದ ಮೇಲೆ ಮುಂದಿನ ಜಾಗ. ಮಧ್ಯದಲ್ಲಿ ಎದ್ದು ಮನೆಗೆ ಬಂದರೆ ಹೆದರಿಕೆ ಗೆದ್ದ ಹಾಗೆ ಆಗುತ್ತದೆ, ಹಾಗಾಗಿ ಹೋದಮೇಲೆ ಒಂದಷ್ಟು ಹೊತ್ತು ಅಲ್ಲೇ ಇರಿ. ದುಪಟ್ಟಾ ನಿಮಗೆ ಇಷ್ಟವೇ ಆಗಿದ್ದರೆ ಬಿಡಬೇಕಾದ ಅಗತ್ಯವೂ ಇಲ್ಲ. ಮುಚ್ಚಿಕೊಳ್ಳಲು ಹಾಕುವುದಕ್ಕೂ ಅಂದಕ್ಕೆ ಹಾಕುವುದಕ್ಕೂ ಎಣಿಕೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಕನ್ನಡಿಯ ಮುಂದೆ ಹೊರಡುವ ಮೊದಲು ಒಂದು ಸಲ, ಎರಡು ನಿಮಿಷ. ಮತ್ತೆ ಮತ್ತೆ ಹೋಗಿ ನೋಡಿದಷ್ಟೂ ಅನುಮಾನ ಬೆಳೆಯುತ್ತದೆ.

ಮಾತಾಡುವವರಿಗೆ ವಾದ ಬೇಡ, ವಿವರಣೆ ಬೇಡ. ಥೈರಾಯ್ಡ್ ಕಥೆ ಶುರು ಮಾಡಿದರೆ ಮುಂದೆ ಅರ್ಧ ಗಂಟೆ ಮನೆಮದ್ದು. ಒಪ್ಪಿಕೊಂಡು ಮಾತು ತಿರುಗಿಸಿ: "ಹೌದ್ರಿ ಅತ್ತಿ, ಆಗೀನಿ. ನಿಮ್ಮ ಮೊಣಕಾಲ ನೋವು ಹೆಂಗೈತಿ?" ಇದನ್ನು ಮೊದಲೇ ಬಾಯಿಗೆ ರೂಢಿ ಮಾಡಿಕೊಂಡು ಹೋಗಿ, ಆ ಹೊತ್ತಿಗೆ ಹೊಳೆಯುವುದಿಲ್ಲ.

ಶೇಪ್‌ವೇರ್ ಮದುವೆಯ ಎರಡು-ಮೂರು ಗಂಟೆಗೆ ಬೇಕೆನಿಸಿದರೆ ನಿಮ್ಮ ಇಷ್ಟ. ನೆಲಕ್ಕೆ ಕೂತು ಊಟ ಮಾಡಲು ಆಗುವಂಥದ್ದೇ ಇರಬೇಕು. ತೊಡೆಯ ಹೊರಭಾಗ ಜೋಮು ಹಿಡಿದರೆ ಅಥವಾ ಉರಿದರೆ ನರ ಒತ್ತಿದೆ ಅಂತ ಅರ್ಥ. ಊಟವಾದ ಮೇಲೆ ಎದೆಯುರಿ ಬಂದರೆ ಹೊಟ್ಟೆ ಒತ್ತಿದೆ. ಎರಡರಲ್ಲಿ ಯಾವುದಾದರೂ ಸರಿ, ತಕ್ಷಣ ಬಿಚ್ಚಿ.

ಊಟ ಬಿಡುವುದು, ತಿಂದು ವಾಂತಿ ಮಾಡುವುದು, ಮೈ ಕಾರಣಕ್ಕೆ ಕೆಲಸಕ್ಕೇ ರಜೆ ಹಾಕುವುದು, ವಾರಗಟ್ಟಲೆ ಅಳು ಬರುವುದು ಇದ್ದರೆ ಅದು ಬಟ್ಟೆಯಿಂದ ಬಗೆಹರಿಯುವುದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಮನೋವೈದ್ಯರನ್ನು ಕೇಳಿ.

ಹೊಲಿಗಿ_ಅಕ್ಕ_ರಾಯಚೂರು:

ಶೇಪ್‌ವೇರಿಗಿಂತ ಪರಕಾರ (ಸೀರಿ ಒಳಗಿನ ಲಂಗ) ಸರಿ ಮಾಡ್ರಿ ಮೇಡಂ. ಲಾಡಿ ಬಿಗಿದು ಕಟ್ಟಿದ್ರ ಒಂದು ಮಡಿಕಿ ಇರೋ ಜಾಗದಾಗ ಎರಡು ಆಗತಾವ, ಸೊಂಟದ ಸುತ್ತ ಕಪ್ಪು ಗೆರಿ, ತುರಿಕಿ ಬ್ಯಾರೆ. ಲಾಡಿ ತಗದು ಎರಡು ಇಂಚು ಅಗಲದ ಪಟ್ಟಿ ಹಾಕಿಸಿ, ಪಕ್ಕದಾಗ ಎರಡು ಹುಕ್ಕು, ಒಂದು ಇಂಚು ಆಚೆ-ಈಚೆ ಎರಡು ಸಾಲು ಕೊಂಡಿ. ಊಟ ಆದ ಮ್ಯಾಲ ಹೊರಗಿನ ಸಾಲಿಗೆ ಹಾಕ್ಕೋಬಹುದು. ಆರು ಪಟ್ಟಿ ಪರಕಾರ ಹಿಪ್ಪಿನ ಮ್ಯಾಲ ನೆರಿಗಿ ಇಲ್ಲದಂಗ ಕುಂದರತೈತಿ. ತೊಡಿ ಉಜ್ಜಿ ಗಾಯ ಆಗತಿದ್ರ ಒಳಗ ಮೊಣಕಾಲ ಮ್ಯಾಲಿನ ಹತ್ತಿ ಚಡ್ಡಿ ಹಾಕ್ರಿ, ಅದರ ಹೊಲಿಗಿ ಒಳತೊಡಿಗೆ ಬರಬಾರದು.

ಆರು ಸಾವಿರದ ಲೆಕ್ಕ: ಮೊದಲು ಬ್ರಾ ಎರಡು. ಆಮ್ಯಾಲ ಒಂದೇ ಒಂದು ಕುರ್ತಾ ಹೊಲಸ್ರಿ, ಒಂದೇ ಸಲ ಮೂರು ಕೊಡಬ್ಯಾಡ್ರಿ. ಅದನ್ನ ಮೂರು ಸಲ ಹಾಕಿ, ಒಗದು, ಎಲ್ಲಿ ಎಳಿತೈತಿ ಅಂತ ಬರಕೊಂಡು ಟೇಲರಿಗೆ ತೋರಿಸಿ ತಿದ್ದಸ್ರಿ. ಆ ತಿದ್ದಿದ ಕುರ್ತಾನ ಕಾಗದದ ಮ್ಯಾಲ ಕಟಿಂಗ್ ತಗದು ಇಟ್ಕೊಳ್ಳಾಕ ಹೇಳ್ರಿ, ಅದು ನಿಮ್ಮ ಅಸಲಿ ಅಳತಿ. ಉಳಿದ ದುಡ್ಡಿನಾಗ ಅದೇ ಕಟಿಂಗಿಗೆ ಇನ್ನೆರಡು, ಪರಕಾರ ಒಂದು, ಪ್ಯಾಂಟ್ ಎರಡು. ಸೀರಿ ಮುಂದಿನ ಸಂಬಳಕ್ಕ.

ಹಾಸಿರೋ ಹಳೇ ಕುರ್ತಾಗಳಾಗ ಒಳಗ ಒಂದು ಇಂಚಿಗಿಂತ ಹೆಚ್ಚು ಮಾರ್ಜಿನ್ ಇರೋದನ್ನ ಬಿಚ್ಚಸ್ರಿ. ಇಲ್ಲದಿದ್ದದ್ದಕ್ಕ ಎರಡೂ ಪಕ್ಕ ಎರಡು ಇಂಚಿನ ಬ್ಯಾರೆ ಬಣ್ಣದ ಪಟ್ಟಿ ಕಂಕುಳಿಂದ ಸೀಳಿನ ತನಕ ಕೂಡಿಸಬಹುದು, ಹೊಲಿಗಿಗೆ ಹೋದದ್ದು ಬಿಟ್ಟು ಸುತ್ತಳತಿ ಮೂರು ಇಂಚು ಹೆಚ್ಚಾಗತೈತಿ. "ಸಣ್ಣ ಆದ್ರ ಹಾಕ್ಕೊಂತೀನಿ" ಅಂತ ಇಟ್ಟಿದ್ದನ್ನ ಕಣ್ಣಿಗೆ ಬೀಳೋ ಅಲಮಾರಿಯಿಂದ ತಗೀರಿ. ಹತ್ತಿದು ಕೌದಿಗೆ ಕೊಡ್ರಿ, ಪಾಲಿಯೆಸ್ಟರ್ ಕೌದಿಗೆ ಬ್ಯಾಡ, ಬೆಚ್ಚಗ ಆಗಿ ಜಾರತೈತಿ. ಅದನ್ನ ಸ್ಟೀಲ್ ಪಾತ್ರಿಯವರಿಗೆ ಹಾಕ್ರಿ.

ಸಿಂಧನೂರು_ಹುಡುಗ:

ಅಕ್ಕಾರ, ನಡುವೆ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನನ್ನದು ಉಲ್ಟಾ ಸಮಸ್ಯೆ. ಎತ್ತರ 5 ಅಡಿ 9, ಎದೆ 34, ಭುಜ 17. ಎಲ್ಲರೂ "ಕಡ್ಡಿ" ಅಂತಾರ. ಸ್ಲಿಮ್ ಫಿಟ್ ಹಾಕಿದ್ರ ಎಲುಬು ಕಾಣತಾವ, ದೊಡ್ಡದು ಹಾಕಿದ್ರ ಗೂಟಕ್ಕ ನೇತು ಹಾಕಿದಂಗ.

ಹೊಲಿಗಿ_ಅಕ್ಕ_ರಾಯಚೂರು:

ತಮ್ಮಾ, ನಿನಗ ಭುಜ ಚೊಲೋ ಐತಿ, ಅಂಗಿ ಅದರ ಮ್ಯಾಲೇ ನಿಲ್ಲಬೇಕು. ಭುಜದ ಹೊಲಿಗಿ ಎಲುಬಿನ ತುದಿಗೆ ಸರಿಯಾಗಿರಲಿ, ಒಂದು ಬೆರಳು ಜಾರಿದ್ರೂ ಗೂಟ ಆಗೋದು ಅಲ್ಲೇ. ಹೊಲದ ಮ್ಯಾಲ ಎದಿ 38 ಇರಲಿ, ಅದಕ್ಕಿಂತ ಕಡಿಮಿ ಮಾಡಿಸಬ್ಯಾಡ. ಹಿಂದ ಎರಡು ಸಣ್ಣ ಟಕ್ಸ್ ಹಾಕಿಸಿದ್ರ ಬೆನ್ನಿನಾಗ ಗಾಳಿ ತುಂಬೋದಿಲ್ಲ. ಬಟ್ಟಿ ತೆಳು ಬ್ಯಾಡ, ಖಾದಿ ಇಲ್ಲಾ ಆಕ್ಸ್‌ಫರ್ಡ್. 36 ಪನ್ನಾದ ಖಾದಿ ತುಂಬುತೋಳಿಗೆ ಎರಡೂವರಿ ಮೀಟರ್ ಬೇಕು. ಪ್ಯಾಂಟಿನ ಕೆಳಗಿನ ಸುತ್ತಳತಿ 14 ಇಂಚಿಗಿಂತ ಸಣ್ಣ ಮಾಡಿಸಬ್ಯಾಡ, ಪಾದ ದೊಡ್ಡದಾಗಿ ಕಾಣತೈತಿ. ಕಾಲರ್ ಗುಂಡಿ ಹಾಕಿದ ಮ್ಯಾಲ ಒಳಗ ಎರಡು ಬೆರಳು ಹೋಗಬೇಕು, ಮೂರು ಹೋದ್ರ ಟೇಲರಿಗೆ ವಾಪಸ್ ಕೊಡು.